ಡಿಡಕ್ಟಿಬಲ್: ಕಳೆಯುವವರು ಯಾರು, ತೆರುವವರು ಯಾರು?

ಡಿಡಕ್ಟಿಬಲ್: ಅಮೆರಿಕದಲ್ಲಿರುವ ಮಕ್ಕಳು ಫೋನಿನಲ್ಲಿ ಆಗಾಗ ಗೊಣಗುವ ಪದ. ಮೂಲ, ಲ್ಯಾಟಿನ್ನಿನ ‘ಡೆಡೂಸೆರೆ’. ಆಚೆಗೆ ಒಯ್ಯು ಎಂದರ್ಥ. ನಮ್ಮ ಬಸ್ಸಿನ ಕಂಡಕ್ಟರೂ ಇದೇ ಮನೆತನದವನು! ತೆರಿಗೆಯಲ್ಲಿ ಇದು ಆದಾಯದಿಂದ ಕಳೆಯಬಹುದಾದ ಖರ್ಚು. ಆರೋಗ್ಯ ವಿಮೆಯಲ್ಲಿ, ಕಂಪನಿ ಕೈಬಿಚ್ಚುವ ಮುನ್ನ ವರ್ಷಕ್ಕಿಷ್ಟೆಂದು ನಾವೇ ತೆರಬೇಕಾದ ಹಣ. ಅದು 1,500 ಡಾಲರ್ ಎಂದಿಟ್ಟುಕೊಳ್ಳಿ. ಜನವರಿಯಲ್ಲಿ ಕೆಮ್ಮೆಂದು ಡಾಕ್ಟರ ಬಳಿ ಹೋಗಿ 180 ಡಾಲರ್ ಬಿಲ್ಲಾದರೆ ಅಷ್ಟೂ ನಮ್ಮ ಜೇಬಿನಿಂದಲೇ. ಇನ್ನೂ 1,320 ಬಾಕಿ. ಕೆಲವು ಪಾಲಿಸಿಗಳಲ್ಲಿ ಮಾತ್ರ ಭೇಟಿಗಿಷ್ಟೆಂದು ‘ಕೋಪೇ’ ಕೊಟ್ಟರೆ ಸಾಕು. ಬ್ರಿಟನ್ನಿನವರು ಡಿಡಕ್ಟಿಬಲ್ಲನ್ನೇ ‘ಎಕ್ಸೆಸ್’ ಎನ್ನುತ್ತಾರೆ. ನಮ್ಮಲ್ಲಿ ಸೂಪರ್ ಟಾಪ್‌ಅಪ್ ಆರೋಗ್ಯ ಪಾಲಿಸಿಗಳಲ್ಲೂ ಇದು ಇದೆ. ಕನ್ನಡದಲ್ಲಿ ಇದನ್ನು ‘ಕಡಿತ’ ಎಂದರೆ ಯಾರೋ ರಿಯಾಯಿತಿ ಕೊಟ್ಟಂತೆ ಕೇಳಿಸುತ್ತದೆ. ‘ಸ್ವಂತ ಪಾಲು’ ವಾಸಿ.