ಕೋಳಿಯ ಕಾವಿನಿಂದ ತಾಲ್ಲೂಕು ಆಸ್ಪತ್ರೆಯವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - ಈ ಹೆಸರುಗಳನ್ನು ಕೇಳಿದೊಡನೆ ನಿಮಗೆ ನೆನಪಾಗುವುದು ಬಿಸಿಲು. ಇಂಥ ಸೀಮೆಯ ಹೆರಿಗೆ ಕೋಣೆಯಲ್ಲಿ ಶಾಖ ಕೊಡುವ ಯಂತ್ರ ಏಕೆ ಬೇಕು ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಉತ್ತರ ನಿಮ್ಮ ಮನೆಯ ಮಣ್ಣಿನ ಗಡಿಗೆಯಲ್ಲಿದೆ. ಗಾಳಿ ಒಣಗಿದಷ್ಟೂ ಗಡಿಗೆಯ ನೀರು ತಣ್ಣಗಾಗುತ್ತದೆ. ಆಗ ತಾನೆ ಹುಟ್ಟಿದ ಶಿಶುವಿನ ಮೈ ಒದ್ದೆಯಾಗಿರುತ್ತದೆ. ಈ ತಾಲ್ಲೂಕುಗಳ ಬೇಸಗೆಯ ಗಾಳಿಯೋ ತೀರ ಒಣ.

ಒಂದು ಚಿಕ್ಕ ಲೆಕ್ಕ ಮಾಡೋಣ. ಶಿಶುವಿನ ತೂಕ 2 ಕಿಲೋಗ್ರಾಂ ಇರಲಿ. ದೇಹದ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ, ಡಿಗ್ರಿಗೆ ಸುಮಾರು 3,500 ಜೂಲ್. ಅಂದರೆ 7,000 ಜೂಲ್ ಕಳೆದುಕೊಂಡರೆ ಶಿಶುವಿನ ತಾಪ 1 ಡಿಗ್ರಿ ಇಳಿಯುತ್ತದೆ. ಒಂದು ಗ್ರಾಂ ನೀರು ಚರ್ಮದ ಮೇಲಿಂದ ಆವಿಯಾಗಲು ಸುಮಾರು 2,400 ಜೂಲ್ ಬೇಕು. ಈ ಶಾಖವೆಲ್ಲ ಮೈಯಿಂದಲೇ ಹೋಯಿತು ಎಂದುಕೊಂಡರೆ ಬರೀ 3 ಗ್ರಾಂ ನೀರು ಸಾಕು! ಒಂದು ಟೀ ಚಮಚೆಯಷ್ಟೂ ಅಲ್ಲ. ಹುಟ್ಟಿದ ಕೂಡಲೇ ಶಿಶುವನ್ನು ಒಣ ಬಟ್ಟೆಯಿಂದ ಒರೆಸಬೇಕೆಂದು ದಾದಿಯರು ಅವಸರಪಡುವುದು ಇದಕ್ಕೇ.

ಇನ್ನೊಂದು ತೊಂದರೆ ರೇಖಾಗಣಿತದ್ದು. 60 ಕಿಲೋಗ್ರಾಂ ತೂಕದ ವಯಸ್ಕರ ಮೈಯ ಹೊರಮೈ ಸುಮಾರು 1.6 ಚದರ ಮೀಟರ್. 3 ಕಿಲೋಗ್ರಾಂ ಶಿಶುವಿನದು ಸುಮಾರು 0.2. ಪ್ರತಿ ಕಿಲೋಗ್ರಾಂ ತೂಕಕ್ಕೆ ಲೆಕ್ಕ ಹಾಕಿದರೆ ಶಿಶುವಿನ ಚರ್ಮ ನಮ್ಮದರ ಎರಡೂವರೆ ಪಟ್ಟು. ಜೊತೆಗೆ ಶಿಶು ನಮ್ಮಂತೆ ನಡುಗಿ ಶಾಖ ಹುಟ್ಟಿಸಲಾರದು. ಕತ್ತು, ಬೆನ್ನುಗಳ ಬಳಿಯ ಕಂದು ಕೊಬ್ಬನ್ನು ಉರಿಸಬೇಕು. ದಿನ ತುಂಬದೆ ಹುಟ್ಟಿದ ಶಿಶುವಿನಲ್ಲಿ ಆ ಕೊಬ್ಬೂ ಕಡಿಮೆ.

ಹೊರಸಿನ ಕೆಳಗೆ ಕೆಂಡ ಇಟ್ಟು ಬಾಣಂತಿಯನ್ನೂ ಮಗುವನ್ನೂ ಕಾಯಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಬೆಚ್ಚಗಿಡಬೇಕೆಂಬ ಅನುಭವಜ್ಞಾನ ಸರಿಯೇ ಇತ್ತು. ಆದರೆ ಕೆಂಡಕ್ಕೆ ತಾಪ ನಿಯಂತ್ರಣವಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡನ್ನು ತುಂಬುತ್ತದೆ.

ಕಾವುಪೆಟ್ಟಿಗೆ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಅಲ್ಲಿನ ಮೆಟರ್ನಿಟಿ ಆಸ್ಪತ್ರೆಯ ವೈದ್ಯ ಸ್ಟೆಫಾನ್ ಟಾರ್ನಿಯೆ ನಗರದ ಪ್ರಾಣಿ ಸಂಗ್ರಹಾಲಯದಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡ. ಅಂಥದನ್ನೇ ಶಿಶುಗಳಿಗೂ ಮಾಡಿಕೊಡುವಂತೆ ಅದರ ತಯಾರಕ ಒಡಿಲ್ ಮಾರ್ಟಿನ್‌ನನ್ನು ಕೇಳಿದ. 1880ರ ದಶಕದ ಆರಂಭದಲ್ಲಿ ಆ ಪೆಟ್ಟಿಗೆ ಆಸ್ಪತ್ರೆಗೆ ಬಂತು. ಕೆಳಗೆ ಬಿಸಿನೀರು, ಮೇಲೆ ಶಿಶು, ನಡುವೆ ಏರುವ ಬೆಚ್ಚನೆಯ ಗಾಳಿ - ಶುದ್ಧ ಸಂವಹನ. ಫ್ರೆಂಚರು ಅದನ್ನು 'ಕೂವೆಜ್' ಎಂದರು, ಅಂದರೆ ಕಾವಿಗೆ ಕುಳಿತ ಕೋಳಿ. 2 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಸಾವು ಶೇಕಡ 66ರಿಂದ 38ಕ್ಕೆ ಇಳಿಯಿತೆಂದು ಟಾರ್ನಿಯೆಯ ಸಹಾಯಕ ಒವಾರ್ 1883ರಲ್ಲಿ ವರದಿ ಮಾಡಿದ.

ಆಮೇಲೆ ಈ ಪೆಟ್ಟಿಗೆ ಜಾತ್ರೆಗೂ ಹೋಯಿತು. ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ನಿಜವಾದ ಶಿಶುಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟು ಟಿಕೆಟ್ ಹಣದಿಂದ ಅವುಗಳ ಆರೈಕೆ ನಡೆಸಿದ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆಗ ಬಹಳ ಆಸ್ಪತ್ರೆಗಳು ಆ ಶಿಶುಗಳ ಕೈಬಿಟ್ಟಿದ್ದವು ಎಂಬುದನ್ನೂ ಮರೆಯುವಂತಿಲ್ಲ.

ಎಷ್ಟು ಬೆಚ್ಚಗೆ ಇಡಬೇಕು? ಇದಕ್ಕೆ ಪ್ರಯೋಗದ ಉತ್ತರ ಸಿಗಲು 1958 ಬರಬೇಕಾಯಿತು. ವಿಲಿಯಂ ಸಿಲ್ವರ್‌ಮನ್ ಮತ್ತು ಸಂಗಡಿಗರು ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಪೆಟ್ಟಿಗೆ 28.9 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇನ್ನೊಂದರದು 31.7 ಡಿಗ್ರಿಯಲ್ಲಿ. ವ್ಯತ್ಯಾಸ ಮೂರು ಡಿಗ್ರಿಯೂ ಇಲ್ಲ. ಬದುಕಿದವರು ಮೊದಲ ಗುಂಪಿನಲ್ಲಿ ಶೇಕಡ 68, ಎರಡನೆಯದರಲ್ಲಿ ಶೇಕಡ 83! ಉಷ್ಣಮಾಪಕವನ್ನು ಓದುವುದರ ಮಹತ್ವವನ್ನು ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪೆಟ್ಟಿಗೆಯೊಳಗಿನ ಗಾಳಿಯನ್ನು ಕಾಯಿಸಿದರೆ ಮುಗಿಯಿತೆ? ಇಲ್ಲ. ಪಾರದರ್ಶಕ ಗೋಡೆ ತಣ್ಣಗಿದ್ದರೆ ಶಿಶುವಿನ ಮೈ ಅದರ ಕಡೆಗೆ ಅವಕೆಂಪು ವಿಕಿರಣವನ್ನು ಕಳೆದುಕೊಳ್ಳುತ್ತಲೇ ಇರುತ್ತದೆ, ಗಾಳಿ ಬೆಚ್ಚಗಿದ್ದರೂ. ಈ ವಿಕಿರಣವನ್ನೇ ತಿರುಗಿಸಿ ಉಪಯೋಗಿಸಿದ ಸಾಧನ ರೇಡಿಯಂಟ್ ವಾರ್ಮರ್. ಮೇಲೆ ಹೀಟರ್, ಕೆಳಗೆ ತೆರೆದ ಹಾಸಿಗೆ. ಶಿಶುವಿನ ಚರ್ಮಕ್ಕೆ ಅಂಟಿಸಿದ ತಾಪ ಸಂವೇದಕ 36.5 ಡಿಗ್ರಿಯನ್ನು ಕಾಯ್ದುಕೊಳ್ಳುವಂತೆ ಹೀಟರಿಗೆ ಸೂಚನೆ ಕೊಡುತ್ತದೆ. 2011ರಲ್ಲಿ ಕೇಂದ್ರ ಸರ್ಕಾರ ಹೊರತಂದ ಮಾರ್ಗಸೂಚಿಯಂತೆ ಹೆರಿಗೆಯಾಗುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ನವಜಾತ ಶಿಶು ಆರೈಕೆಯ ಮೂಲೆ, ರೆಫರಲ್ ಆಸ್ಪತ್ರೆಗಳಲ್ಲಿ ನಾಲ್ಕು ಹಾಸಿಗೆಯ ಘಟಕ, ಜಿಲ್ಲಾ ಆಸ್ಪತ್ರೆಯಲ್ಲಿ ವಿಶೇಷ ಘಟಕ ಇರಬೇಕು. ಪ್ಯಾರಿಸ್ಸಿನ ಪೆಟ್ಟಿಗೆ ನಮ್ಮ ತಾಲ್ಲೂಕಿಗೆ ಬಂದ ದಾರಿ ಇದು.

ಬಂದ ಯಂತ್ರವನ್ನು ಎಲ್ಲಿಡಬೇಕು, ಹೇಗೆ ನಡೆಸಬೇಕು ಎಂಬಲ್ಲಿ ಭೌತಶಾಸ್ತ್ರಕ್ಕೆ ಕೆಲಸವಿದೆ. ಸಂವೇದಕ ಚರ್ಮದಿಂದ ಕಿತ್ತು ಹಾಸಿಗೆಯ ತಂಪು ಮೂಲೆಗೆ ಬಿದ್ದಿತೆನ್ನಿ. 'ಶಿಶು ತಣ್ಣಗಿದೆ' ಎಂದೇ ಅದು ಹೇಳುತ್ತದೆ, ಹೀಟರ್ ಇನ್ನಷ್ಟು ಉರಿಯುತ್ತದೆ, ಶಿಶು ಸುಡುತ್ತದೆ. ಶಿಶು ಅದರ ಮೇಲೆಯೇ ಮಲಗಿದರೆ ತದ್ವಿರುದ್ಧ: ಹೀಟರ್ ಆರಿ ಮೈ ತಣ್ಣಗಾಗುತ್ತದೆ. ಸಂವೇದಕದ ಮೇಲೆ ಹೊಳೆಯುವ ತಗಡಿನ ಪಟ್ಟಿ ಅಂಟಿಸುವುದು ಹೀಟರಿನ ಕಿರಣ ನೇರವಾಗಿ ಅದನ್ನು ಕಾಯಿಸದಿರಲೆಂದು. ಹಾಸಿಗೆ ಫ್ಯಾನಿನ ಕೆಳಗೂ ಬೇಡ, ಬಿಸಿಲು ಬೀಳುವ ಕಿಟಕಿಯ ಬಳಿಯೂ ಬೇಡ.

ಇನ್ನು ವಿದ್ಯುತ್ತು. ಹೀಟರಿನ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 230 ವೋಲ್ಟ್‌ನಲ್ಲಿ 600 ವಾಟ್ ಕೊಡುವ ಹೀಟರ್ 180 ವೋಲ್ಟ್‌ನಲ್ಲಿ ಕೊಡುವುದು ಸುಮಾರು 370 ವಾಟ್ ಮಾತ್ರ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜು ಕುಸಿಯುವುದು ಹಳ್ಳಿಯವರಿಗೆ ಹೊಸದಲ್ಲ. ಸ್ಟೆಬಿಲೈಜರ್ ಬೇಕೆನ್ನುವುದು ಅದಕ್ಕೆ. ಅಂಥ ನಾಲ್ಕು ವಾರ್ಮರುಗಳನ್ನು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದರೆ ಎಳೆಯುವ ಪ್ರವಾಹ 10 ಆಂಪಿಯರಿಗಿಂತ ಹೆಚ್ಚು. ತಂತಿ 5 ಆಂಪಿಯರಿನದಾದರೆ? ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತ, ಆದ್ದರಿಂದ ಅದು ತಾಳಬಲ್ಲದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಪಕ್ಕದಲ್ಲೇ ಆಮ್ಲಜನಕ ಹರಿಯುತ್ತಿರುತ್ತದೆ. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ಶಿಶು ಘಟಕದಲ್ಲಿ ಬೆಂಕಿ ಬಿದ್ದು 10 ಶಿಶುಗಳು ಸತ್ತವು. 2024ರ ನವೆಂಬರ್ 15ರ ರಾತ್ರಿ ಝಾನ್ಸಿಯಲ್ಲೂ ಹಾಗೆಯೇ 10. ಎರಡೂ ಕಡೆ ತನಿಖೆ ಬೊಟ್ಟುಮಾಡಿದ್ದು ವಿದ್ಯುತ್ ದೋಷದತ್ತ. ಪ್ರತಿ ವಾರ್ಮರಿಗೆ ಗೋಡೆಯಲ್ಲಿ ತನ್ನದೇ ಆದ ಸಾಕೆಟ್ ಇರಬೇಕೆಂಬುದು ಸಣ್ಣ ಮಾತಲ್ಲ.

ಅರ್ಥಿಂಗ್ ವಿಷಯದಲ್ಲಿ ಕೂಡ್ಲಿಗಿಯಂಥ ಕಲ್ಲುನೆಲಕ್ಕೆ ತನ್ನದೇ ಕಷ್ಟವಿದೆ. ಒಣ ನೆಲದ ರೋಧ ಹೆಚ್ಚು. ಮಳೆಗಾಲದಲ್ಲಿ ಅಳೆದು 'ಸರಿಯಿದೆ' ಎಂದು ಬರೆದಿಟ್ಟ ಗುಂಡಿ ಏಪ್ರಿಲ್‌ನಲ್ಲಿ ಕೈಕೊಡಬಹುದು. ಅಳೆಯಬೇಕಾದದ್ದು ಬೇಸಗೆಯಲ್ಲಿ.

ದೊಡ್ಡ ಆಸ್ಪತ್ರೆಗಳಲ್ಲಿ ಹೊದಿಕೆ ಹಾಗೂ ಸಲೈನ್ ಬಾಟಲಿಗಳನ್ನು ಬೆಚ್ಚಗಿಡುವ ಬೀರುಗಳೂ ಇವೆ. ಅಮೆರಿಕದ ಇಸಿಆರ್‌ಐ ಸಂಸ್ಥೆ ಹೊದಿಕೆಗೆ 54 ಡಿಗ್ರಿಯವರೆಗೆ ಒಪ್ಪಿದರೂ ದ್ರವಕ್ಕೆ 43 ಡಿಗ್ರಿಯ ಮಿತಿ ಹಾಕಿತು. ಏಕೆಂದು ವಿದ್ಯಾರ್ಥಿಗಳನ್ನು ಕೇಳಿ ನೋಡಿ. ಗಾಳಿ ತುಂಬಿದ ಹತ್ತಿಬಟ್ಟೆ ಹೊರಗೆ ತೆಗೆದ ಕೆಲವೇ ನಿಮಿಷಗಳಲ್ಲಿ ತಣಿಯುತ್ತದೆ. ನೀರಿನ ಬಾಟಲಿ ತನ್ನ ಶಾಖವನ್ನು ಹಿಡಿದಿಟ್ಟುಕೊಂಡು, ತಾಗಿದಲ್ಲಿ ಚರ್ಮವನ್ನು ಸುಡುತ್ತಲೇ ಇರುತ್ತದೆ. ಎರಡನ್ನೂ ಒಂದೇ ಖಾನೆಯಲ್ಲಿಡಬಾರದು.

ಈ ತಾಲ್ಲೂಕುಗಳಲ್ಲಿ ನಿಜವಾದ ಅಪಾಯ ಇರುವುದು ದಾರಿಯಲ್ಲಿ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಹಿಂದಕ್ಕೆ ಬಂತು, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಯ ಹೆಸರು ಬದಲಾದರೂ ಸೀರಿಯಸ್ಸಾದ ಶಿಶುವನ್ನು ದೂರದ ದೊಡ್ಡ ಆಸ್ಪತ್ರೆಗೆ ಒಯ್ಯುವುದು ತಪ್ಪಲಿಲ್ಲ. ಬಿಸಿನೀರಿನ ಬಾಟಲಿ ಹೊರಡುವಾಗ ಸುಡುತ್ತದೆ, ತಲುಪುವಾಗ ತಣ್ಣಗಿರುತ್ತದೆ. ಬೆಂಗಳೂರಿನಲ್ಲಿ ನೆಲೆಯೂರಿದ ಎಂಬ್ರೇಸ್ ತಂಡ 2011ರಲ್ಲಿ ಬಳಕೆಗೆ ತಂದ ಹಾಸಿಗೆಚೀಲದ ಉಪಾಯ ಬೇರೆ: 37 ಡಿಗ್ರಿಯ ಸುಮಾರಿನಲ್ಲಿ ಕರಗುವ ಮೇಣದಂಥ ವಸ್ತು. ಅದು ಗಟ್ಟಿಯಾಗುತ್ತಾ ಗುಪ್ತೋಷ್ಣವನ್ನು ಬಿಡುತ್ತದೆ, ಆದರೆ ತಾಪ ಬದಲಾಗುವುದಿಲ್ಲ. ಒಮ್ಮೆ ಕರಗಿಸಿದರೆ ನಾಲ್ಕು ಗಂಟೆ ಬೆಚ್ಚಗಿರುತ್ತದೆ.

ಇದಕ್ಕಿಂತಲೂ ಸರಳವಾದ ವಿಧಾನ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಹುಟ್ಟಿತು. ಪೆಟ್ಟಿಗೆಗಳು ಸಾಲದೆ ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಸ್ ಎಂಬ ವೈದ್ಯರು ಶಿಶುವನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿದರು. ಕಾಂಗರೂ ತಾಯಿ ಆರೈಕೆ ಎಂದು ಅದಕ್ಕೆ ಹೆಸರಾಯಿತು. ತಾಯಿಯ ಮೈ 37 ಡಿಗ್ರಿಯ ಉಷ್ಣಸಂಗ್ರಹ. ಅದಕ್ಕೆ ವೋಲ್ಟೇಜಿನ ಹಂಗಿಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದೊಡನೆ ಈ ಆರೈಕೆ ಆರಂಭಿಸಿದ ಶಿಶುಗಳಲ್ಲಿ 28 ದಿನಗಳೊಳಗಿನ ಸಾವು ಶೇಕಡ 12. ಮೊದಲು ವಾರ್ಮರಿನಲ್ಲೋ ಪೆಟ್ಟಿಗೆಯಲ್ಲೋ ಇಟ್ಟು, ಸ್ಥಿರವಾದ ಬಳಿಕ ತಾಯಿಗೆ ಕೊಟ್ಟವುಗಳಲ್ಲಿ ಶೇಕಡ 15.7. ಈ ಆರೈಕೆಯನ್ನು ಇಡೀ ಜಿಲ್ಲೆಗೆ ಹೇಗೆ ವಿಸ್ತರಿಸುವುದೆಂದು ಅಧ್ಯಯನ ನಡೆಸಲು ಕರ್ನಾಟಕದಲ್ಲಿ ಆರಿಸಿಕೊಂಡದ್ದು ಕೊಪ್ಪಳವನ್ನು, ಅಂದರೆ ಹಗರಿಬೊಮ್ಮನಹಳ್ಳಿಯಿಂದ ನೋಡಿದರೆ ತುಂಗಭದ್ರೆಯ ಆಚೆಯ ದಡವನ್ನು.