ಟವೆಲಿನ ಮರೆಯ ಬೆಲೆ, ಬಿಲ್ಲಿನ ಮರೆಯ ಬೆಲೆ

ಘಟಪ್ರಭೆ ಮತ್ತು ಮಲಪ್ರಭೆಗಳ ನಡುವಿನ ಎರೆನೆಲದಲ್ಲಿರುವ ಲೋಕಾಪುರದಂಥ ಊರುಗಳಲ್ಲಿ ‘ಗಾಡಿ’ ಎಂದರೆ ಎರಡು ತಲೆಮಾರಿನ ಹಿಂದೆ ಚಕ್ಕಡಿಯೇ. ಅದರ ಎಂಜಿನ್ ಎಂದರೆ ಒಂದು ಜೋಡಿ ಎತ್ತು. ಹೊಲ ಉಳುವುದು, ಕಣಕ್ಕೆ ಸೊಪ್ಪೆ ತರುವುದು, ಸಂತೆಗೆ ಜೋಳ ಒಯ್ಯುವುದು, ಜಾತ್ರೆಗೆ ಮನೆಮಂದಿಯನ್ನು ಕರೆದೊಯ್ಯುವುದು ಎಲ್ಲವೂ ಆ ಜೋಡಿಯ ಪಾಲಿನ ಕೆಲಸ. ಹಾಗಾಗಿ ಎತ್ತು ಕೊಳ್ಳುವ ದಿನ ರೈತನ ಮನೆಯಲ್ಲಿ ಮದುವೆಯ ಮಾತುಕತೆಯಷ್ಟೇ ಎಚ್ಚರ ಇರುತ್ತಿತ್ತು. ಇಂದು ಅದೇ ಮನೆಯವರು ಬೈಕು, ಕಾರು ಅಥವಾ ಟ್ರ್ಯಾಕ್ಟರ್ ಕೊಳ್ಳಲು ಮುಧೋಳ, ಬಾಗಲಕೋಟೆ, ಜಮಖಂಡಿಗಳ ಷೋರೂಮುಗಳಿಗೆ ಹೋಗುತ್ತಾರೆ. ಬೆಲೆ ಬೋರ್ಡಿನ ಮೇಲೆ ಬರೆದಿರುತ್ತದೆ. ಹಾಗಾದರೆ ಚೌಕಾಸಿ ಮುಗಿಯಿತೆ? ಇಲ್ಲ, ಅದು ಜಾಗ ಬದಲಿಸಿದೆ. ಹೊಸ ಜಾಗ ಯಾವುದೆಂದು ತಿಳಿಯದವನು ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಾನೆ.

ಬೆರಳಿನ ಭಾಷೆ

ಉತ್ತರ ಕರ್ನಾಟಕದ ದನದ ಸಂತೆಗಳಲ್ಲಿ ವ್ಯಾಪಾರ ಬಾಯಲ್ಲಿ ನಡೆಯುತ್ತಿರಲಿಲ್ಲ. ಮಾರುವವನ ಕೈಯನ್ನು ದಲ್ಲಾಳಿ ಹಿಡಿಯುತ್ತಾನೆ. ಹಿಡಿದ ಕೈಗಳ ಮೇಲೆ ಒಂದು ಟವೆಲ್ ಬೀಳುತ್ತದೆ. ಒಂದು ಬೆರಳು ಒತ್ತಿದರೆ ಒಂದು, ಎರಡು ಒತ್ತಿದರೆ ಎರಡು, ಇಡೀ ಕೈ ಹಿಡಿದರೆ ಐದು. ಆ ಐದು ಐದು ನೂರೋ ಐದು ಸಾವಿರವೋ ಎಂಬುದನ್ನು ಮುಂದೆ ನಿಂತ ಎತ್ತೇ ಹೇಳುತ್ತದೆ. ಅನಂತರ ದಲ್ಲಾಳಿ ಕೊಳ್ಳುವವನ ಕೈ ಹಿಡಿಯುತ್ತಾನೆ. ಸುತ್ತ ಹತ್ತು ಮಂದಿ ನಿಂತಿದ್ದರೂ ಕುದುರಿದ ಬೆಲೆ ಯಾರಿಗೂ ಕೇಳಿಸದು. ಕೆಲವು ಸಂತೆಗಳಲ್ಲಿ ಈ ಪದ್ಧತಿ ಈಗಲೂ ಕಾಣಸಿಗುತ್ತದೆ.

ಇದು ಕೇವಲ ಹಳ್ಳಿಗರ ವಿಚಿತ್ರ ರೂಢಿಯಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದಿದ್ದ ಇಟಲಿಯ ಪ್ರವಾಸಿ ಲುಡೊವಿಕೊ ಡಿ ವರ್ತೆಮಾ ಕಲ್ಲಿಕೋಟೆಯ ವರ್ತಕರು ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ಬೆಲೆ ಕುದುರಿಸುವುದನ್ನು ಕಂಡು ಬೆರಗಾಗಿ ಬರೆದ. ಅವನ ಪ್ರವಾಸ ಕಥನ ರೋಮಿನಲ್ಲಿ ಅಚ್ಚಾದದ್ದು 1510ರಲ್ಲಿ. ಮೆಣಸು ಮಾರುವ ಬಂದರಿಗೂ ಎತ್ತು ಮಾರುವ ಬಯಲಿಗೂ ಬೇಕಾಗಿದ್ದದ್ದು ಒಂದೇ ಸೌಕರ್ಯ: ಒಬ್ಬನಿಗೆ ಕೊಟ್ಟ ಬೆಲೆ ಇನ್ನೊಬ್ಬನಿಗೆ ತಿಳಿಯದಿರುವುದು. ಬೆಲೆ ಕೂಗಿ ಹೇಳಿದರೆ ಸಾಲಿನಲ್ಲಿ ಕಟ್ಟಿದ ಅಷ್ಟೂ ಎತ್ತುಗಳಿಗೆ ಅದೇ ದರವಾಗಿಬಿಡುತ್ತದೆ. ಕಡಿಮೆಗೆ ಕೊಟ್ಟವನ ಮಾನವೂ ಹೋಗುತ್ತದೆ.

ಬೆಲೆ ಮುಚ್ಚಿದ್ದರೂ ಸರಕು ಮಾತ್ರ ಬಯಲಲ್ಲಿತ್ತು ಎಂಬುದು ಇಲ್ಲಿ ಮುಖ್ಯ. ಎತ್ತಿನ ಬಾಯಿ ತೆರೆದು ಹಲ್ಲು ನೋಡಿದರೆ ವಯಸ್ಸು ತಿಳಿಯುತ್ತದೆ. ಹಾಲುಹಲ್ಲು ಬಿದ್ದು ಎರಡು, ನಾಲ್ಕು, ಆರು ಎಂದು ಜೋಡಿಜೋಡಿಯಾಗಿ ಹೊಸ ಹಲ್ಲು ಮೂಡುತ್ತವೆ. ಎಂಟೂ ಬಂದರೆ ‘ಬಾಯಿಗೂಡಿದ’ ಎತ್ತು. ಮೈಮೇಲಿನ ಸುಳಿ, ಕಾಲ ಗೊರಸು, ನಡೆಯುವ ರೀತಿ ಎಲ್ಲದರ ಪರೀಕ್ಷೆ ಆಗುತ್ತದೆ. ಕೊನೆಗೆ ಚಕ್ಕಡಿಗೆ ಹೂಡಿ ಎಳೆಸಿ ನೋಡಬೇಕು. ಇದಕ್ಕೆಂದೇ ಊರಿನ ತಿಳಿದ ಹಿರಿಯನೊಬ್ಬನನ್ನು ಜೊತೆಗೆ ಕರೆದೊಯ್ಯುವ ವಾಡಿಕೆಯಿತ್ತು. ಒಪ್ಪಿಗೆಯಾದರೆ ಸಂಚಕಾರ ಕೊಟ್ಟು ಮಾತು ಕಟ್ಟುತ್ತಿದ್ದರು.

ಸರಕಿನ ದೋಷ ಮುಚ್ಚಿಡುವುದು ತಪ್ಪು ಎಂಬ ವಿಚಾರ ನಮ್ಮಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವು ನಾಲ್ಕು ಕಾಲಿನ ಪ್ರಾಣಿಗಳ ಮಾರಾಟವನ್ನು ರದ್ದುಪಡಿಸಲು ಮೂರು ಪಕ್ಷಗಳ, ಅಂದರೆ ಸುಮಾರು 45 ದಿನಗಳ ಅವಕಾಶ ಕೊಡುತ್ತದೆ. ರೋಗದ ಪ್ರಾಣಿಯನ್ನು ಆರೋಗ್ಯವಂತ ಎಂದು ಮಾರಿದವನಿಗೆ ದಂಡ ವಿಧಿಸುತ್ತದೆ. ವರ್ತಕನ ಲಾಭಕ್ಕೂ ಅಲ್ಲಿ ಮಿತಿಯುಂಟು: ಸ್ವದೇಶಿ ಸರಕಿಗೆ ನೂರಕ್ಕೆ 5, ಪರದೇಶದ್ದಕ್ಕೆ 10.

ಚೌಕಾಸಿ ಸತ್ತ ಕಾಲ

ಎತ್ತಿನಿಂದ ಎಂಜಿನ್ನಿಗೆ ಬಂದಾಗ ಕೊಳ್ಳುವವನ ಸ್ಥಿತಿ ಬೇರೆಯೇ ಆಯಿತು. 1950ರ ದಶಕದ ಕೊನೆಯಿಂದ ಸರಕಾರವು ಕಾರು ಮತ್ತು ಸ್ಕೂಟರುಗಳ ಮಾರಾಟ, ವಿತರಣೆಗಳ ಮೇಲೆ ನಿಯಂತ್ರಣ ತಂದಿತು. ಟ್ರ್ಯಾಕ್ಟರುಗಳ ವಿತರಣೆಗೂ 1971ರಲ್ಲಿ ಅಂಥದೇ ಆದೇಶ ಬಂತು. ತಯಾರಿಕೆಗೆ ಲೈಸೆನ್ಸು, ಹಂಚಿಕೆಗೆ ಕೋಟಾ. 1969ರಲ್ಲಿ ಕಾರುಗಳ ಬೆಲೆಯನ್ನು ಸರಕಾರವೇ ನಿಗದಿ ಮಾಡಿದಾಗ ತಯಾರಕರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು.

ಬೆಲೆ ನಿಗದಿಯಾದ ಮೇಲೆ ಕುದುರಿಸಲು ಏನೂ ಉಳಿಯಲಿಲ್ಲ. ಆದರೆ ಬೇಕೆಂದವರು ಹೆಚ್ಚು, ತಯಾರಾಗುವ ಗಾಡಿಗಳು ಕಡಿಮೆ. ಬಜಾಜ್ ಸ್ಕೂಟರಿಗೆ ಹಣ ಕಟ್ಟಿ ಹತ್ತು ವರ್ಷದವರೆಗೆ ಕಾದವರಿದ್ದರು. ವಿದೇಶಿ ವಿನಿಮಯದಲ್ಲಿ ಹಣ ತೆತ್ತರೆ ಬೇಗ ಸಿಗುತ್ತಿತ್ತು. ದುಬೈಯಲ್ಲಿ ನೆಂಟರಿದ್ದವರ ಪುಣ್ಯ! ಕೈಗೆ ಬಂದ ಸ್ಕೂಟರನ್ನು ಮರುದಿನವೇ ಮಾರಿದರೆ ಕೊಟ್ಟದ್ದಕ್ಕಿಂತ ಹೆಚ್ಚು ಸಿಗುತ್ತಿದ್ದುದರಿಂದ ‘ಪ್ರೀಮಿಯಂ’ ಎಂಬ ಪದ ಕನ್ನಡಿಗರ ಬಾಯಲ್ಲಿ ಮೇಲುಹಣಕ್ಕೆ ಹೆಸರಾಯಿತು. ಕಾಗದದ ಮೇಲಿನ ಬೆಲೆ ಒಂದು, ಗಾಡಿ ಮನೆಗೆ ಬರುವ ಬೆಲೆ ಇನ್ನೊಂದು ಎಂಬ ಪಾಠವನ್ನು ಗ್ರಾಹಕ ಕಲಿತದ್ದು ಆಗಲೇ.

1980ರ ದಶಕದಲ್ಲಿ ದ್ವಿಚಕ್ರ ವಾಹನಗಳ ತಯಾರಿಕೆಯ ಕಟ್ಟುಗಳು ಸಡಿಲವಾದವು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಅಗತ್ಯ ತಪ್ಪಿತು. ಗ್ರಾಹಕ ಗಾಡಿಗಾಗಿ ಕಾಯುವ ಬದಲು ಗಾಡಿ ಗ್ರಾಹಕನಿಗಾಗಿ ಕಾಯತೊಡಗಿತು. ಅದರೊಂದಿಗೆ ಚೌಕಾಸಿಗೂ ಜೀವ ಬಂತು.

ಬೋರ್ಡಿನಿಂದ ಬಿಲ್ಲಿಗೆ

ಬೆಂಕಿಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಮುದ್ರಿಸಿರಬೇಕು. ಗಾಡಿ ಪೊಟ್ಟಣದಲ್ಲಿ ಬರುವ ಸರಕಲ್ಲ. ಅದಕ್ಕೆ ಅಂಥ ಮುದ್ರೆಯಿಲ್ಲ. ಕಂಪನಿ ಹೇಳುವುದು ‘ಎಕ್ಸ್-ಷೋರೂಂ’ ಬೆಲೆ. ಅದರ ಮೇಲೆ ನೋಂದಣಿ, ರಸ್ತೆ ತೆರಿಗೆ, ವಿಮೆ ಸೇರಿ ‘ಆನ್-ರೋಡ್’ ಬೆಲೆಯಾಗುತ್ತದೆ. ಈ ಎರಡರ ನಡುವೆಯೇ ಹಳೆಯ ಟವೆಲ್ ಈಗ ಹಾಸಿಕೊಂಡಿದೆ.

ತೆರಿಗೆ ಸರಕಾರದ್ದು, ಅದರಲ್ಲಿ ಚೌಕಾಸಿ ಇಲ್ಲ. ಆದರೆ ವಿಮೆಯನ್ನು ಡೀಲರನ ಬಳಿಯೇ ಮಾಡಿಸಬೇಕೆಂಬ ನಿಯಮವಿಲ್ಲ. ಅದೇ ವಿಮೆ ಹೊರಗೆ ಎಷ್ಟಕ್ಕೆ ಸಿಗುತ್ತದೆಂದು ಕೇಳಿಕೊಂಡು ಹೋದವನಿಗೆ ಅಲ್ಲೇ ಕೆಲವು ಸಾವಿರ ಇಳಿಯಬಹುದು. ಸೀಟಿನ ಹೊದಿಕೆ, ಬಂಪರ್ ಕಂಬಿ, ಪಾಲಿಷ್, ‘ಹ್ಯಾಂಡ್ಲಿಂಗ್’ ಶುಲ್ಕ ಎಂಬಂಥ ಸಾಲುಗಳು ಬಿಲ್ಲಿನಲ್ಲಿ ಮೆಲ್ಲಗೆ ಕೂತಿರುತ್ತವೆ. ಹಳೆಯ ಗಾಡಿ ಬದಲಿಗೆ ಕೊಟ್ಟರೆ ಲೆಕ್ಕ ಇನ್ನೂ ಗೋಜಲು: ಹೊಸದರಲ್ಲಿ ಹತ್ತು ಸಾವಿರ ಬಿಟ್ಟಂತೆ ತೋರಿಸಿ ಹಳೆಯದರಲ್ಲಿ ಹದಿನೈದು ಸಾವಿರ ಹಿಡಿಯುವುದು ಸುಲಭ. ಆದ್ದರಿಂದ ಅನುಭವಿಗಳು ಹೊಸ ಗಾಡಿಯ ಬೆಲೆ, ಹಳೆಯ ಗಾಡಿಯ ಬೆಲೆ, ಸಾಲ ಈ ಮೂರನ್ನೂ ಬೇರೆಬೇರೆಯಾಗಿ ಮುಗಿಸುತ್ತಾರೆ.

ಸಾಲದ ಮಾತು ಎಲ್ಲಕ್ಕಿಂತ ಸೂಕ್ಷ್ಮ. ‘ನೂರಕ್ಕೆ ಹತ್ತು ಫ್ಲ್ಯಾಟ್’ ಎಂಬ ಮಾತು ಕಿವಿಗೆ ಹಿತ. ಒಂದು ಲಕ್ಷ ರೂಪಾಯಿಗೆ ಮೂರು ವರ್ಷಕ್ಕೆ 30,000 ಬಡ್ಡಿ. ಒಟ್ಟು 1,30,000ವನ್ನು 36 ಕಂತುಗಳಲ್ಲಿ ಹಂಚಿದರೆ ತಿಂಗಳಿಗೆ ಸುಮಾರು 3,611. ಆದರೆ ಅಸಲು ಪ್ರತಿ ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ ನಡೆಯುತ್ತದೆ. ಬ್ಯಾಂಕಿನ ಇಳಿಕೆ ಕ್ರಮದಲ್ಲಿ ಲೆಕ್ಕ ಹಾಕಿದರೆ ಅದು ನೂರಕ್ಕೆ ಸುಮಾರು 18 ಆಗುತ್ತದೆ. ಬೆಲೆಯಲ್ಲಿ ಐದು ಸಾವಿರ ಗೆದ್ದವನು ಬಡ್ಡಿಯಲ್ಲಿ ಅದರ ಎರಡರಷ್ಟು ಸೋಲುವುದು ಹೀಗೆ. ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂಬ ಪ್ರಶ್ನೆಗೆ ಮೊದಲೇ ಉತ್ತರಿಸಿದವನು ತನ್ನ ಬೆರಳನ್ನು ತಾನೇ ತೋರಿಸಿದಂತೆ.

ಎತ್ತಿನ ಹಲ್ಲಿನಂತೆ ಗಾಡಿಗೂ ಹಲ್ಲುಂಟು. ಮಾರಾಟದ ಪ್ರಮಾಣಪತ್ರವಾದ ‘ಫಾರ್ಮ್ 21’ರಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ನಮೂದಾಗಿರುತ್ತದೆ. ಜನವರಿಯಲ್ಲಿ ಕೊಳ್ಳುವ ಗಾಡಿ ಹಿಂದಿನ ವರ್ಷದ್ದಾಗಿದ್ದರೆ ಮುಂದೆ ಮಾರುವಾಗ ಒಂದು ವರ್ಷ ಹಳೆಯದೆಂದೇ ಎಣಿಕೆ; ಆ ನಷ್ಟವನ್ನು ಇಂದಿನ ಬೆಲೆಯಲ್ಲೇ ಕಳೆಯಬೇಕೆಂದು ಕೇಳುವುದು ನ್ಯಾಯ. ಡೀಲರನಿಗೂ ಅವನ ಕಷ್ಟವುಂಟು. ಗೋದಾಮಿನಲ್ಲಿ ನಿಂತ ಗಾಡಿಯ ಮೇಲೆ ಅವನು ಬಡ್ಡಿ ತೆರುತ್ತಿರುತ್ತಾನೆ. ತಿಂಗಳ, ತ್ರೈಮಾಸಿಕದ ಗುರಿ ಮುಟ್ಟಿದರೆ ಕಂಪನಿಯಿಂದ ಪ್ರೋತ್ಸಾಹಧನ ಬರುತ್ತದೆ. ತಿಂಗಳ ಕೊನೆಯ ವಾರದಲ್ಲಿ ಅವನ ಕೈ ಸಡಿಲವಾಗುವುದು ಇದರಿಂದಲೇ.

ಮುಧೋಳ ಸೀಮೆಯ ರೈತನ ಕಷ್ಟ ಇದಕ್ಕೆ ತದ್ವಿರುದ್ಧ. ಘಟಪ್ರಭೆಯ ನೀರಾವರಿ ಈ ಭಾಗವನ್ನು ಕಬ್ಬಿನ ನಾಡನ್ನಾಗಿಸಿದೆ. ಕಬ್ಬು ಕೊಟ್ಟ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ರೈತರು ಬೀದಿಗಿಳಿದದ್ದೂ ಉಂಟು. ಬಿಲ್ಲು ಬಂದಾಗ ಎಲ್ಲರ ಕೈಗೂ ಒಟ್ಟಿಗೇ ದುಡ್ಡು ಬರುತ್ತದೆ, ಎಲ್ಲರೂ ಒಟ್ಟಿಗೇ ಷೋರೂಮಿಗೆ ಹೋಗುತ್ತಾರೆ. ಕಾಯುವ ಶಕ್ತಿ ಯಾರಿಗಿದೆಯೋ ಬೆಲೆ ಅವನ ಕಡೆಗೆ ವಾಲುತ್ತದೆ. ಕಬ್ಬು ಸಾಗಿಸಲು ನಾಳೆಯೇ ಟ್ರ್ಯಾಕ್ಟರ್ ಬೇಕು ಎಂದವನಿಗೆ ಚೌಕಾಸಿಯ ಬಲವಿಲ್ಲ.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಮೂಲಬೆಲೆ ಆರು ಲಕ್ಷವಾದರೆ ತೆರಿಗೆ 72,000ದಿಂದ 30,000ಕ್ಕೆ ಇಳಿದು 42,000 ಉಳಿಯುತ್ತದೆ. ಇದು ಡೀಲರ್ ಕೊಟ್ಟ ರಿಯಾಯಿತಿಯಲ್ಲ. ತೆರಿಗೆಯ ಇಳಿಕೆಯನ್ನೇ ‘ಹಬ್ಬದ ಕೊಡುಗೆ’ ಎಂದು ಯಾರಾದರೂ ಹೇಳಿದರೆ, ಅದರ ಮೇಲೆ ನಿಮ್ಮದೇನು ಎಂದು ಕೇಳಬೇಕು.

ಎಲ್ಲರಿಗೂ ಒಂದೇ ಬೆಲೆಯೆ?

ಇಷ್ಟೆಲ್ಲ ತಲೆನೋವೇಕೆ, ಎಲ್ಲರಿಗೂ ಒಂದೇ ಬೆಲೆ ಇರಲಿ ಎನ್ನುವವರಿದ್ದಾರೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು ಚೌಕಾಸಿಯನ್ನು ಸುಳ್ಳಿನ ರೂಪವೆಂದು ಬಗೆದು ಒಂದೇ ಮಾತಿನ ಬೆಲೆ ಹೇಳತೊಡಗಿದರು. ಅಮೆರಿಕೆಯಲ್ಲಿ 1958ರ ಕಾಯಿದೆಯಿಂದಾಗಿ ಹೊಸ ಕಾರಿನ ಗಾಜಿಗೆ ತಯಾರಕ ಸೂಚಿಸಿದ ಬೆಲೆಯ ಚೀಟಿ ಅಂಟಿಸಬೇಕಾಯಿತು. ಆದರೂ ಚೌಕಾಸಿ ನಿಲ್ಲಲಿಲ್ಲ. 1991ರಲ್ಲಿ ಕಾನೂನು ಪ್ರಾಧ್ಯಾಪಕ ಇಯಾನ್ ಏರ್ಸ್ ಷಿಕಾಗೋ ಪ್ರದೇಶದಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಬಿಳಿಯ ಮತ್ತು ಕಪ್ಪು ಜನಾಂಗದ ಗಂಡಸರು, ಹೆಂಗಸರು ಒಂದೇ ಬಗೆಯ ಮಾತನ್ನು ಕಲಿತು ಡೀಲರುಗಳ ಬಳಿ ಹೋಗಿದ್ದರು. ಕಪ್ಪು ಮಹಿಳೆಯರ ಮುಂದೆ ಡೀಲರುಗಳು ಇಟ್ಟ ಲಾಭಾಂಶ ಬಿಳಿಯ ಪುರುಷರಿಂದ ಕೇಳಿದ್ದರ ಸುಮಾರು ಮೂರು ಪಟ್ಟಿತ್ತು. ಮರೆಯಲ್ಲಿ ನಡೆಯುವ ಚೌಕಾಸಿಯಲ್ಲಿ ಮುಖ ನೋಡಿ ಮಣೆ ಹಾಕುವುದು ಎಲ್ಲ ದೇಶಗಳಿಗೂ ಸಾಮಾನ್ಯ.

ಹಾಗೆಂದು ರಿಯಾಯಿತಿಯನ್ನೇ ನಿಷೇಧಿಸುವುದು ಪರಿಹಾರವೆ? ಭಾರತದ ಸ್ಪರ್ಧಾ ಆಯೋಗ ಹಾಗೆ ಭಾವಿಸಲಿಲ್ಲ. ಡೀಲರುಗಳು ಕೊಡುವ ರಿಯಾಯಿತಿಗೆ ಮಿತಿ ಹಾಕಿ ಸ್ಪರ್ಧೆ ಕುಗ್ಗಿಸಿತು ಎಂದು ಅದು 2017ರಲ್ಲಿ ಹ್ಯುಂಡೈ ಕಂಪನಿಗೆ 87 ಕೋಟಿ ರೂಪಾಯಿ, 2021ರಲ್ಲಿ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಹ್ಯುಂಡೈ ವಿರುದ್ಧದ ಆದೇಶವನ್ನು ಮೇಲ್ಮನವಿ ನ್ಯಾಯಮಂಡಳಿ 2018ರಲ್ಲಿ ರದ್ದುಪಡಿಸಿತು. ಮಾರುತಿ ಪ್ರಕರಣದಲ್ಲಿ 2021ರಲ್ಲೇ ತಡೆಯಾಜ್ಞೆ ನೀಡಿತು. ವ್ಯಾಜ್ಯಗಳ ಗತಿ ಏನೇ ಆಗಲಿ, ಆಯೋಗದ ತರ್ಕ ಗಮನಾರ್ಹ: ಇಬ್ಬರು ಡೀಲರುಗಳ ನಡುವೆ ಪೈಪೋಟಿ ಇದ್ದರೆ ತಾನೆ ಗ್ರಾಹಕನಿಗೆ ಆಯ್ಕೆ?

ಲೋಕಾಪುರದವನಿಗೆ ಈ ದೃಷ್ಟಿಯಿಂದ ಒಂದು ಅನುಕೂಲವಿದೆ. ಯಾವ ಒಂದು ಪೇಟೆಯನ್ನೂ ಅವನು ಕಡ್ಡಾಯವಾಗಿ ನೆಚ್ಚಬೇಕಿಲ್ಲ. ಮುಧೋಳದಲ್ಲಿ ಒಂದು, ಬಾಗಲಕೋಟೆಯಲ್ಲಿ ಒಂದು, ಬೇಕಾದರೆ ಬೆಳಗಾವಿಯಲ್ಲಿ ಇನ್ನೊಂದು ದರಪಟ್ಟಿಯನ್ನು ಸಾಲುಸಾಲಾಗಿ ಬರೆಸಿಕೊಂಡು ಬಂದು ಮನೆಯಲ್ಲಿ ಎದುರಿಗಿಟ್ಟು ನೋಡಬಹುದು. ಹಾಗೆ ನೋಡಿದಾಗಲೇ ಎಲ್ಲಿ ಯಾವ ಸಾಲು ಹೆಚ್ಚಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಬಾಯಿಮಾತಿನ ರಿಯಾಯಿತಿ ಬಿಲ್ಲಿನಲ್ಲಿ ಕಾಣದಿದ್ದರೆ ಅದು ರಿಯಾಯಿತಿಯೇ ಅಲ್ಲ.

ಎತ್ತಿನ ಸಂತೆಯಲ್ಲಿ ಗೆಲ್ಲುತ್ತಿದ್ದವನು ಗಟ್ಟಿ ದನಿಯವನಲ್ಲ, ಹಲ್ಲು ಎಣಿಸಲು ಬಲ್ಲವನು. ಷೋರೂಮಿನಲ್ಲೂ ಅಷ್ಟೇ. ಬದಲಾದದ್ದೆಂದರೆ ತಿಳಿದ ಹಿರಿಯ ಯಾರು ಎಂಬುದು ಮಾತ್ರ. ಬಡ್ಡಿಯ ಲೆಕ್ಕ ಹಾಕಿ, ಬಿಲ್ಲಿನ ಸಣ್ಣ ಅಕ್ಷರ ಓದಿ, ‘ಇದು ಯಾತಕ್ಕೆ?’ ಎಂದು ಕೇಳಬಲ್ಲವರು ಈಗ ಅನೇಕ ಮನೆಗಳಲ್ಲಿ ಕಾಲೇಜಿಗೆ ಹೋದ ಮಗಳೋ ಸೊಸೆಯೋ ಆಗಿದ್ದಾರೆ. ಅವರನ್ನು ಮನೆಯಲ್ಲಿ ಬಿಟ್ಟು ಗಾಡಿ ಕೊಳ್ಳಲು ಹೋಗುವುದು, ಎತ್ತಿನ ಬಾಯಿ ತೆರೆಯದೆ ಸಂಚಕಾರ ಕೊಟ್ಟ ಹಾಗೆ.