ಕರ್ನಾಟಕ ಏಕೀಕರಣ ಮತ್ತು ಹಳೆಯ ಮೈಸೂರು

ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದೇ ರಾಜ್ಯವಾದವು. ಈ ಏಕೀಕರಣದಲ್ಲಿ ಒಡೆಯರ ಸಂಸ್ಥಾನವಾಗಿದ್ದ ಮೈಸೂರಿನ ನಿಲುವು ಉಳಿದ ಭಾಗಗಳ ನಿಲುವಿಗಿಂತ ಭಿನ್ನವಾಗಿತ್ತು.

ಹಿನ್ನೆಲೆ: ಏಕೀಕರಣದ ಕೂಗು ಮೊದಲು ಬಲವಾಗಿ ಎದ್ದದ್ದು ಧಾರವಾಡದಲ್ಲಿ. ಆಗ ಧಾರವಾಡ ಸೇರಿದ್ದ, ಮರಾಠಿಯ ಪ್ರಾಬಲ್ಯವಿದ್ದ ಮುಂಬಯಿ ಪ್ರಾಂತ್ಯದಲ್ಲಿ ಕನ್ನಡಿಗರು ಅಲ್ಪಸಂಖ್ಯಾತರಾಗಿದ್ದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ದ (1917) ಮೂಲಕ ಚಾಲುಕ್ಯ, ವಿಜಯನಗರಗಳ ನೆನಪನ್ನು ರಾಜಕೀಯ ಬೇಡಿಕೆಗೆ ಆಧಾರವಾಗಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಅಲ್ಲಿಯೇ ಏಕೀಕರಣ ಸಮ್ಮೇಳನವೂ ನಡೆಯಿತು.

ಮೈಸೂರಿನ ಹಿಂಜರಿಕೆ: ಮೈಸೂರಿನವರಿಗೆ ಕನ್ನಡದ ಸರ್ಕಾರ ಆಗಲೇ ಇತ್ತು. ಕರ್ಣಾಟಕ ಸಾಹಿತ್ಯ ಪರಿಷತ್ತು (1915, ಇಂದಿನ ಕನ್ನಡ ಸಾಹಿತ್ಯ ಪರಿಷತ್ತು) ಮತ್ತು ಮೈಸೂರು ವಿಶ್ವವಿದ್ಯಾನಿಲಯ (1916) ಸಂಸ್ಥಾನದ ಆಶ್ರಯದಲ್ಲೇ ಬೆಳೆದವು. ಮೈಸೂರು ನಗರದ ಕೃಷ್ಣಮೂರ್ತಿಪುರಂ, ಚಾಮರಾಜಪುರಂ ಮೊದಲಾದ ಬಡಾವಣೆಗಳ ಓದುಬರಹದ ವರ್ಗಕ್ಕೆ ಸಾಹಿತ್ಯದ ಮಟ್ಟಿಗೆ ಕನ್ನಡನಾಡು ಒಂದೇ ಆಗಿತ್ತು. ಆಡಳಿತದ ಮಾತು ಬಂದಾಗ ಭಿನ್ನಾಭಿಪ್ರಾಯ ತಲೆದೋರಿತು. ಮುಂದುವರಿದ ಮೈಸೂರಿನ ವರಮಾನ ಹಿಂದುಳಿದ ಜಿಲ್ಲೆಗಳ ಪಾಲಾದೀತೆಂಬ ಆತಂಕ ಒಂದು. ಹೊಸ ರಾಜ್ಯದಲ್ಲಿ ಲಿಂಗಾಯತರ ಸಂಖ್ಯಾಬಲ ಹೆಚ್ಚಿ ಒಕ್ಕಲಿಗರ ಹಿಡಿತ ಸಡಿಲವಾದೀತೆಂಬ ಲೆಕ್ಕಾಚಾರ ಇನ್ನೊಂದು. ಎರಡು ಕನ್ನಡ ರಾಜ್ಯಗಳಿರಲಿ ಎಂಬ ವಾದವೂ ಕೇಳಿಬಂತು. ಆಗಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ, ತಮ್ಮ ಪಕ್ಷದೊಳಗೇ ವಿರೋಧವಿದ್ದರೂ, ಏಕೀಕರಣದ ಪರ ನಿಂತರು.

ರಾಜ್ಯ ರಚನೆ: ರಾಜ್ಯಗಳ ಪುನರ್ವಿಂಗಡಣೆಗಾಗಿ ನೇಮಕವಾದ ಫಜಲ್ ಅಲಿ ಆಯೋಗದ ವರದಿಯ (1955) ನಂತರ ಮುಂಬಯಿ, ಹೈದರಾಬಾದ್, ಮದ್ರಾಸುಗಳ ಕನ್ನಡ ಭಾಗಗಳೂ ಕೊಡಗೂ ಮೈಸೂರಿನೊಂದಿಗೆ ಸೇರಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು; ಜಯಚಾಮರಾಜ ಒಡೆಯರ್ ರಾಜ್ಯಪಾಲರಾದರು. ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ತಾವು ಮೈಸೂರಿಗೆ ಸೇರಿಕೊಂಡವರಲ್ಲ, ಕರ್ನಾಟಕವನ್ನು ಕಟ್ಟಿದವರು ಎಂಬ ಉತ್ತರದ ಜಿಲ್ಲೆಗಳವರ ಅಸಮಾಧಾನ 1973ರ ನವೆಂಬರ್ 1ರವರೆಗೂ ಮುಂದುವರಿಯಿತು. ಅಂದು ‘ಕರ್ನಾಟಕ’ ಎಂಬ ಹೆಸರು ಜಾರಿಗೆ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಮೈಸೂರು ಜಿಲ್ಲೆಯವರೇ ಆದ ಡಿ. ದೇವರಾಜ ಅರಸು.

ಸಂಕೇತಗಳ ಬದಲಾವಣೆ: ಬಸಪ್ಪಶಾಸ್ತ್ರಿಗಳು ರಚಿಸಿದ ಸಂಸ್ಥಾನ ಗೀತೆ ಅರಸರ ರಕ್ಷಣೆಗಾಗಿ ಗೌರಿಯನ್ನು ಪ್ರಾರ್ಥಿಸುತ್ತದೆ. 2004ರಲ್ಲಿ ನಾಡಗೀತೆಯಾದ ಕುವೆಂಪು ಅವರ ರಚನೆಯಲ್ಲಿ ಅರಸನ ಸ್ಥಾನದಲ್ಲಿ ನಾಡೇ ಇದೆ. ಆ ನಾಡು ಭಾರತಮಾತೆಯ ಮಗಳು. ದಸರೆಯಲ್ಲೂ ಇದೇ ಪಲ್ಲಟ ನಡೆದಿದೆ. ಮಹಾರಾಜರು ಕೂರುತ್ತಿದ್ದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ಮೂರ್ತಿ ಸಾಗುತ್ತದೆ. ಅರಮನೆಯ ಉತ್ಸವವನ್ನು ಸರ್ಕಾರ ನಾಡಹಬ್ಬವಾಗಿ ನಡೆಸುತ್ತದೆ.

ಇಂದಿನ ಸ್ಥಿತಿ: ಒಳಪ್ರದೇಶಗಳ ಗುರುತು ಅಳಿದಿಲ್ಲ. ಸಂವಿಧಾನದ 371ಜೆ ವಿಧಿ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ನೀಡಿತು. 2019ರಲ್ಲಿ ಆ ಭಾಗ ಕಲ್ಯಾಣ ಕರ್ನಾಟಕವಾಯಿತು. ಮುಂಬಯಿ ಕರ್ನಾಟಕ 2021ರಲ್ಲಿ ಕಿತ್ತೂರು ಕರ್ನಾಟಕವಾಯಿತು. ‘ಹಳೆಯ ಮೈಸೂರು’ ಅಧಿಕೃತ ವಿಭಾಗವಲ್ಲದಿದ್ದರೂ ಚುನಾವಣೆಯ ಲೆಕ್ಕಾಚಾರದಲ್ಲಿ ಬಳಕೆಯಲ್ಲಿದೆ.